800 ಫಿಲ್ ಪವರ್ ಅಂದರೆ ಸೆಕೆ ಜಾಸ್ತಿ ಅಂತಲ್ಲ

800 ಫಿಲ್ ಪವರ್‌ನ ಡೌನ್ ಕಂಫರ್ಟರ್ (ಬಾತುಕೋಳಿಯಂಥ ಹಕ್ಕಿಗಳ ಮೃದು ತುಪ್ಪುಳ ತುಂಬಿದ ಹೊದಿಕೆ) ಕೊಂಡರೆ ಬೇಸಿಗೆಯಲ್ಲಿ ಸೆಕೆ ಆಗುತ್ತಾ, 600 ಸಾಕಾ ಅಂತ ಕೇಳಿದ್ದೀರಿ. ಆ ಸಂಖ್ಯೆ ಬಿಸಿಯನ್ನು ಹೇಳುವುದೇ ಇಲ್ಲ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳ ಉಬ್ಬಿದಾಗ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಅನ್ನುವುದಷ್ಟೇ ಅದು. 800 ಅಂದರೆ ಸುಮಾರು 13 ಲೀಟರ್, 600 ಅಂದರೆ 10 ಲೀಟರ್‌ನ ಹತ್ತಿರ. ಹಾಗಾಗಿ ಅಷ್ಟೇ ಬೆಚ್ಚಗಿರಲು 800ರಲ್ಲಿ ತುಪ್ಪುಳ ಕಡಿಮೆ ಸಾಕು, ಹೊದಿಕೆ ಹಗುರ, ಮೈಮೇಲೆ ಭಾರವೇ ಅನ್ನಿಸುವುದಿಲ್ಲ.

ನೀವು ನಿಜವಾಗಿ ನೋಡಬೇಕಾದದ್ದು ಒಳಗೆ ಎಷ್ಟು ತೂಕದ ತುಪ್ಪುಳ ತುಂಬಿದ್ದಾರೆ ಅನ್ನುವುದನ್ನು. ಒಂದೇ ಅಳತೆಯ, ಒಂದೇ ಫಿಲ್ ಪವರ್‌ನ ಎರಡು ಹೊದಿಕೆಗಳಲ್ಲಿ ತೂಕ ಜಾಸ್ತಿ ಇರುವುದೇ ಹೆಚ್ಚು ಬೆಚ್ಚಗಿರುತ್ತದೆ, ವರ್ಷಪೂರ್ತಿ ಬಳಸುವುದಾದರೆ ಹಗುರ ಅಥವಾ ಮಧ್ಯಮ ತೂಕದ್ದೇ ತಗೊಳ್ಳಿ, ತೀರಾ ಚಳಿ ಇದ್ದಾಗ ಮೇಲೊಂದು ಕಂಬಳಿ ಹೊದ್ದರಾಯಿತು ಅಲ್ವಾ. ಈ ತೂಕವನ್ನು ಹೇಳದ ಮಾರಾಟಗಾರರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ಹೊಲಿಗೆಯನ್ನೂ ನೋಡಿ. ಮೇಲಿನ ಬಟ್ಟೆಗೆ ಕೆಳಗಿನದನ್ನು ನೇರವಾಗಿ ಸೇರಿಸಿ ಹೊಲಿದಿದ್ದರೆ ಆ ಗೆರೆಗಳಲ್ಲಿ ತುಪ್ಪುಳ ಇರುವುದಿಲ್ಲ, ಬಿಸಿ ಅಲ್ಲಿಂದ ಹೊರಗೆ ಹೋಗುತ್ತದೆ. ಸೆಕೆ ಹೆಚ್ಚು ಆಗುವವರಿಗೆ ಇದೇ ಒಳ್ಳೆಯದು! ಚಳಿ ಹೆಚ್ಚು ಅನ್ನುವವರಿಗೆ ನಡುವೆ ಬಟ್ಟೆಯ ಪಟ್ಟಿ ನಿಲ್ಲಿಸಿ ಹೊಲಿದ ಬ್ಯಾಫಲ್ ಬಾಕ್ಸ್ ಸರಿ.

ಹೊರಬಟ್ಟೆ ಒತ್ತಾಗಿ ನೇಯ್ದ ಹತ್ತಿಯದಿರಲಿ. ಸುಮ್ನೆ ದೊಡ್ಡ ಥ್ರೆಡ್ ಕೌಂಟ್ (ಒಂದು ಚದರ ಇಂಚು ಬಟ್ಟೆಯಲ್ಲಿರುವ ಎಳೆಗಳ ಸಂಖ್ಯೆ) ನೋಡಿ ದುಡ್ಡು ಸುರಿಯಬೇಡಿ. ಮೇಲೊಂದು ಕವರ್ ಹಾಕಿಕೊಂಡರೆ ಪದೇ ಪದೇ ಒಗೆಯುವ ಕೆಲಸ ತಪ್ಪುತ್ತದೆ, ಒಗೆದಾಗ ಮಾತ್ರ ಒಳಗಿನ ತೇವ ಪೂರ್ತಿ ಆರುವವರೆಗೆ ಮಡಚಿಡಬೇಡಿ.