ಸರ್ಕಾರಿ ಕ್ಲಿನಿಕ್‌ನ ಎಚ್‌ಐವಿ ಮಾತ್ರೆ ಎಷ್ಟು ವರ್ಷ ಕೆಲಸ ಮಾಡುತ್ತದೆ?

ಅಣ್ಣನಿಗೆ ಎಚ್‌ಐವಿ ಇದೆ ಅಂತ ಗೊತ್ತಾಗಿ ಎರಡು ವಾರ ಆಗಿದೆ. ಸರ್ಕಾರಿ ಕ್ಲಿನಿಕ್‌ನಲ್ಲಿ ಉಚಿತವಾಗಿ ಮಾತ್ರೆ ಶುರು ಮಾಡಿದ್ದಾರೆ. "ಪುಕ್ಕಟೆ ಮಾತ್ರೆ ನಾಲ್ಕೈದು ವರ್ಷ ನಡೆದು ಆಮೇಲೆ ಕೈಕೊಡುತ್ತದೆ" ಅಂತ ಯಾರೋ ಹೇಳಿದ್ದಾರೆ. ಸಾಲ ಮಾಡಿಯಾದರೂ ಖಾಸಗಿಗೆ ಹೋಗಬೇಕಾ? ಇದು ನಿಮ್ಮ ಪ್ರಶ್ನೆ.

ಸಾಲ ಮಾಡಬೇಡಿ.

ನಾನು ಇಂಥದ್ದೇ ಒಂದು ಕ್ಲಿನಿಕ್‌ನಲ್ಲಿ ಹದಿನಾರು ವರ್ಷದಿಂದ ಕೌನ್ಸೆಲರ್. ಡಾಕ್ಟರ್ ಅಲ್ಲ. ಮಾತ್ರೆ ಎಣಿಸುವವಳು, ಬರದೇ ಇದ್ದವರಿಗೆ ಫೋನ್ ಮಾಡುವವಳು. ಆ ಕುರ್ಚಿಯಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲು ಮಾತ್ರೆಯ ವಿಷಯ. ಈಗ ಹೆಚ್ಚಿನ ದೇಶಗಳ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಕೊಡುವುದು ದಿನಕ್ಕೆ ಒಂದೇ ಮಾತ್ರೆ. ಅದರೊಳಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಅಂತ ಮೂರು ಔಷಧ ಇರುತ್ತವೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡೊಲುಟೆಗ್ರಾವಿರ್ ಇರುವ ಚಿಕಿತ್ಸೆಯನ್ನೇ ಮೊದಲ ಆಯ್ಕೆ ಅಂದಿತು. ದುಡ್ಡು ಕೊಟ್ಟು ತಗೊಳ್ಳುವವರ ಬಾಟಲಿಯಲ್ಲೂ ಬಹಳ ಸಲ ಇದೇ ಇರುತ್ತದೆ. ಪುಕ್ಕಟೆ ಅಂದ ಮಾತ್ರಕ್ಕೆ ಎರಡನೇ ದರ್ಜೆಯದು ಅಲ್ಲ.

ಹಾಗಾದರೆ ಆ "ನಾಲ್ಕೈದು ವರ್ಷ" ಎಲ್ಲಿಂದ ಬಂತು? ಪೂರ್ತಿ ಸುಳ್ಳೂ ಅಲ್ಲ. ಅದು ಹಳೇ ಕಾಲದ ನೆನಪು. ನಾನು ಸೇರಿದಾಗ ಬಹಳ ಜನ ಸ್ಟ್ಯಾವುಡಿನ್ ತಗೊಳ್ಳುತ್ತಿದ್ದರು. ಅದರಿಂದ ಕೆನ್ನೆ ಒಳಗೆ ಹೋಗುತ್ತಿತ್ತು, ಪಾದ ಉರಿಯುತ್ತಿತ್ತು. ಕೆನ್ನೆ ನೋಡಿಯೇ ಜನ ಗುರುತು ಹಿಡಿಯುತ್ತಾರೆ ಅಂತ ಎಷ್ಟೋ ಮಂದಿ ಮಾತ್ರೆ ಬಿಟ್ಟರು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಹಂತ ಹಂತವಾಗಿ ನಿಲ್ಲಿಸಿ ಅಂತ ಹೇಳಿತು. ಆಮೇಲೆ ಬಂದ ಎಫಾವಿರೆಂಜ್ ಕೆಲವರಿಗೆ ತಲೆಸುತ್ತು, ವಿಚಿತ್ರ ಕನಸು ತರುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ವೈರಸ್‌ನಲ್ಲಿ ಒಂದೇ ಒಂದು ಬದಲಾವಣೆ ಆದರೂ ಆ ಗುಂಪಿನ ಔಷಧ ನಾಟದೇ ಹೋಗುತ್ತಿತ್ತು. ಡೊಲುಟೆಗ್ರಾವಿರ್ ವಿಷಯದಲ್ಲಿ ವೈರಸ್‌ಗೆ ಅಷ್ಟು ಸುಲಭವಾಗಿ ದಾರಿ ಸಿಗುವುದಿಲ್ಲ. ಸ್ವಲ್ಪ ತೂಕ ಜಾಸ್ತಿ ಆಗಬಹುದು, ಕೆಲವರಿಗೆ ನಿದ್ದೆ ಕೆಡಬಹುದು. ಆದರೆ ಐದು ವರ್ಷಕ್ಕೆ ಮುಗಿಯುವ ಆಯುಷ್ಯ ಇದಕ್ಕಿಲ್ಲ. ಬಿಡದೆ ತಗೊಂಡರೆ ದಶಕಗಟ್ಟಲೆ ನಡೆಯಬಹುದು.

ಬಡವರಿಗೆ ಈ ಚಿಕಿತ್ಸೆ ಆಗಿಬರುವುದಿಲ್ಲ ಅನ್ನೋ ಮಾತು ಹೊಸದೇನಲ್ಲ. 1996ರಲ್ಲಿ ಮೂರು ಔಷಧ ಒಟ್ಟಿಗೆ ಕೊಟ್ಟರೆ ಜನ ಬದುಕುತ್ತಾರೆ ಅಂತ ಖಚಿತವಾಯಿತು. ಆದರೆ ವರ್ಷದ ಖರ್ಚು 10,000 ಡಾಲರ್‌ಗೂ ಜಾಸ್ತಿ. 2001ರಲ್ಲಿ ಸಿಪ್ಲಾ ಕಂಪನಿ ಅದನ್ನೇ ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇವೆ ಅಂತ ಮುಂದೆ ಬಂತು. ಅದೇ ವರ್ಷ ಅಮೆರಿಕ ಸರ್ಕಾರದ ನೆರವು ಸಂಸ್ಥೆಯ ಮುಖ್ಯಸ್ಥ ಆಂಡ್ರ್ಯೂ ನಾಟ್ಸಿಯೋಸ್, ಆಫ್ರಿಕಾದ ಬಹಳಷ್ಟು ಜನಕ್ಕೆ ಗಡಿಯಾರದ ಸಮಯವೇ ಗೊತ್ತಿಲ್ಲ, ಹೊತ್ತು ಹೊತ್ತಿಗೆ ಮಾತ್ರೆ ಹೇಗೆ ತಗೊಂಡಾರು ಅನ್ನುವ ಅರ್ಥದಲ್ಲಿ ಮಾತಾಡಿದರು. ಐದು ವರ್ಷ ಆದ ಮೇಲೆ, 2006ರಲ್ಲಿ, ಸಂಶೋಧಕರು ಹಲವು ಅಧ್ಯಯನಗಳನ್ನು ಸೇರಿಸಿ ಲೆಕ್ಕ ಹಾಕಿದರು. ಸರಿಯಾಗಿ ಮಾತ್ರೆ ತಗೊಳ್ಳುವವರು ಆಫ್ರಿಕಾದಲ್ಲಿ ಶೇ. 77. ಉತ್ತರ ಅಮೆರಿಕದಲ್ಲಿ ಶೇ. 55! ಈ ಎರಡು ಸಂಖ್ಯೆ ನನಗೆ ಬಾಯಿಪಾಠ. ಹೊಸದಾಗಿ ಕೆಲಸಕ್ಕೆ ಬಂದವರು ರೋಗಿಗಳ ಬಗ್ಗೆ "ಇವರಿಗೆಲ್ಲಾ ಹೇಳಿ ಪ್ರಯೋಜನ ಇಲ್ಲ" ಅಂದಾಗ ಸುಮ್ನೆ ಇದನ್ನು ಹೇಳುತ್ತೇನೆ. 2023ರ ಹೊತ್ತಿಗೆ ಬೋಟ್ಸ್‌ವಾನಾ, ಎಸ್ವಾಟಿನಿ, ರುವಾಂಡಾ, ಟಾಂಜಾನಿಯಾ, ಜಿಂಬಾಬ್ವೆ ಈ ಐದು ದೇಶಗಳು ವಿಶ್ವಸಂಸ್ಥೆ ಇಟ್ಟ 95-95-95 ಗುರಿ ಮುಟ್ಟಿದವು. ಅಂದರೆ ಸೋಂಕು ಇರುವ ನೂರರಲ್ಲಿ 95 ಜನಕ್ಕೆ ಅದು ಗೊತ್ತಿದೆ, ಗೊತ್ತಿರುವವರಲ್ಲಿ ಶೇ. 95 ಚಿಕಿತ್ಸೆಯಲ್ಲಿದ್ದಾರೆ, ಅವರಲ್ಲಿ ಶೇ. 95 ಮಂದಿಯ ವೈರಸ್ ಹತೋಟಿಯಲ್ಲಿದೆ. ಇದು ಬಹುಪಾಲು ಸರ್ಕಾರಿ ಕ್ಲಿನಿಕ್‌ಗಳಲ್ಲೇ ಆದ ಕೆಲಸ.

ಜಗತ್ತಿನ ಲೆಕ್ಕವೂ ಹಾಗೇ. 2004ರಲ್ಲಿ ಏಡ್ಸ್ ಸಂಬಂಧಿ ಕಾಯಿಲೆಗಳಿಂದ ಸತ್ತವರು ಸುಮಾರು 21 ಲಕ್ಷ. 2023ರಲ್ಲಿ ಸುಮಾರು 6.3 ಲಕ್ಷ. ಆ ವರ್ಷ ಮಾತ್ರೆ ತಗೊಳ್ಳುತ್ತಿದ್ದವರು 3 ಕೋಟಿಗೂ ಜಾಸ್ತಿ.

ಆದರೆ ಇಂಥ ಶೇಕಡಾ ಲೆಕ್ಕಗಳನ್ನು ಸ್ವಲ್ಪ ಹುಷಾರಾಗಿ ಓದಬೇಕು. "ನಮ್ಮ ಕ್ಲಿನಿಕ್‌ನಲ್ಲಿ ನೂರಕ್ಕೆ ಇಷ್ಟು ಜನರ ವೈರಸ್ ಹತೋಟಿಯಲ್ಲಿದೆ" ಅಂದರೆ, ರಕ್ತ ಪರೀಕ್ಷೆಗೆ ಬಂದ ನೂರು ಜನರಲ್ಲಿ ಅಂತ ಅರ್ಥ. ಬರದೇ ಹೋದವರು ಆ ನೂರರಲ್ಲಿ ಇರುವುದಿಲ್ಲ ಅಲ್ವಾ? ನನ್ನ ರಿಜಿಸ್ಟರ್‌ನಲ್ಲಿ ಅವರ ಹೆಸರಿನ ಮುಂದೆ ಪೆನ್ಸಿಲ್ ಗುರುತು ಇರುತ್ತದೆ. ಫೋನ್ ಮಾಡಿದರೆ ಕೆಲವರು ಬೇರೆ ಊರಿನ ಕ್ಲಿನಿಕ್‌ಗೆ ಸೇರಿಕೊಂಡಿರುತ್ತಾರೆ, ನಮಗೆ ಹೇಳಿರುವುದಿಲ್ಲ, ಅಷ್ಟೇ. ಕೆಲವರು ಮಾತ್ರೆ ಬಿಟ್ಟಿರುತ್ತಾರೆ. ಕೆಲವು ಸಲ ಫೋನ್ ಎತ್ತುವವರು ಮನೆಯವರು, "ಅವರು ಹೋಗಿಬಿಟ್ಟರು" ಅನ್ನುತ್ತಾರೆ. ಮಾತ್ರೆ ಸೋತದ್ದನ್ನು ನಾನು ನೋಡಿರುವುದು ಕಡಿಮೆ. ಜನ ಕೈತಪ್ಪಿ ಹೋದದ್ದನ್ನು ನೋಡಿರುವುದೇ ಜಾಸ್ತಿ.

ಕೈತಪ್ಪುವುದು ಹೇಗೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಬ್ಬರು ಒಂಬತ್ತು ವರ್ಷ ಒಂದು ತಾರೀಕೂ ತಪ್ಪಿಸಿದವರಲ್ಲ. ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು, ಬಸ್ಸಿನಲ್ಲಿ ಮಾತ್ರೆ ಗಲಗಲ ಅನ್ನಬಾರದು ಅಂತ. ಮೇಲಿನ ಲೇಬಲ್ ಉಗುರಿನಿಂದ ಕೆರೆದು ತೆಗೆದಿರುತ್ತಿತ್ತು. ಒಂದು ದಿನ ಕೌಂಟರ್‌ನಲ್ಲಿ ಹೊಸಬರೊಬ್ಬರು ಅವರ ಪೂರ್ತಿ ಹೆಸರು ಕೂಗಿ, "ಎಚ್‌ಐವಿಯವರ ಸಾಲು ಆ ಕಡೆ" ಅಂದರು. ಆ ದಿನ ಮಾತ್ರೆ ತಗೊಂಡು ಹೋದವರು ಮತ್ತೆ ಬರಲಿಲ್ಲ. ನಾನು ಮೂರು ಸಲ ಫೋನ್ ಮಾಡಿದೆ. ನಾಲ್ಕನೇ ಸಲ ಮಾಡಬೇಕಿತ್ತು, ಮಾಡಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಕ್ಷಯ ಹಿಡಿಸಿಕೊಂಡು ವಾಪಸ್ ಬಂದರು. ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏಳುತ್ತದೆ. ಅದು ದೇಹದೊಳಗೆ ಅಡಗಿ ಕೂತಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಆದರೆ ಅವರಿಗೆ ಮತ್ತೆ ಶುರು ಮಾಡಿದೆವು, ಆರು ತಿಂಗಳಲ್ಲಿ ವೈರಸ್ ಮತ್ತೆ ಹತೋಟಿಗೆ ಬಂತು. ಈಗ ಚೆನ್ನಾಗಿದ್ದಾರೆ. ಕಾಲುಚೀಲ ಈಗಲೂ ಇದೆ.

ಮಾತ್ರೆ ಎಣಿಸುವ ವಿಷಯಕ್ಕೆ ಬಂದರೆ, ಮೂವತ್ತರ ಬಾಟಲಿ ತಗೊಂಡವರು ಇಪ್ಪತ್ತೆಂಟನೇ ದಿನ ಬಂದರೆ ಎರಡು ಉಳಿದಿರಬೇಕು. ಒಂಬತ್ತು ಉಳಿದಿದ್ದರೆ ಏನೋ ಆಗಿದೆ ಅಂತ. ಮೊದಮೊದಲು ನಾನು ಬೈಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಬೈಸಿಕೊಂಡವರು ಮುಂದಿನ ಸಲ ಗೇಟಿನ ಹತ್ತಿರವೇ ಏಳು ಮಾತ್ರೆ ಚರಂಡಿಗೆ ಎಸೆದು ಲೆಕ್ಕ ಸರಿಮಾಡಿಕೊಂಡು ಒಳಗೆ ಬರುತ್ತಾರೆ! ಈಗ ಎಷ್ಟು ಬಿಟ್ಟಿರಿ ಅಂತ ಕೇಳುವುದಿಲ್ಲ, ಯಾವ ದಿನ ಕಷ್ಟ ಆಯಿತು ಅಂತ ಕೇಳುತ್ತೇನೆ. ರಾತ್ರಿ ಪಾಳಿ, ನೆಂಟರು ಬಂದದ್ದು, ಕುಡಿತ, ಬೇಸರ, ಎಲ್ಲಾ ಹೊರಗೆ ಬರುತ್ತದೆ.

ಇನ್ನು ನಿಮ್ಮ ಅಣ್ಣನ ಮುಂದಿನ ವರ್ಷ. ಇದೇ ಎಲ್ಲಕ್ಕಿಂತ ಮುಖ್ಯ. ಚಿಕಿತ್ಸೆಯಲ್ಲಿದ್ದೂ ಸಾಯುವವರಲ್ಲಿ ಬಹಳ ಜನ ಮೊದಲ ಕೆಲವು ತಿಂಗಳಲ್ಲೇ ಸಾಯುತ್ತಾರೆ. ಮಾತ್ರೆಯಿಂದಲ್ಲ, ತಡವಾಗಿ ಬಂದದ್ದರಿಂದ. ಸಿಡಿ4 ಅನ್ನುವ ರಕ್ತಕಣಗಳ ಲೆಕ್ಕ 200ಕ್ಕಿಂತ ಕೆಳಗಿದ್ದರೆ ಕ್ಷಯ, ಮೆದುಳಿನ ಸೋಂಕು ಒಳಗೇ ಹೊಂಚು ಹಾಕಿರಬಹುದು. ಆದ್ದರಿಂದ ಅವರ ಸಿಡಿ4 ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ. ಇನ್ನೊಂದು ಮಾತು. ದೇಹದ ರಕ್ಷಣಾ ಶಕ್ತಿ ಮತ್ತೆ ಎಚ್ಚರವಾಗುವಾಗ ಅಡಗಿದ್ದ ಸೋಂಕು ಕೆರಳಿ ಜ್ವರ, ಕೆಮ್ಮು, ಗಂಟು ಕಾಣಿಸಬಹುದು. "ಮಾತ್ರೆ ತಗೊಂಡ ಮೇಲೇ ಹುಷಾರು ತಪ್ಪಿತು" ಅಂತ ಬಿಟ್ಟುಬಿಡುವವರು ಇಲ್ಲೇ ಬಿಡುತ್ತಾರೆ. ಬಿಡಬಾರದು, ಅದೇ ದಿನ ಕ್ಲಿನಿಕ್‌ಗೆ ಹೋಗಬೇಕು.

ಆರನೇ ತಿಂಗಳಿಗೆ ವೈರಲ್ ಲೋಡ್ ಪರೀಕ್ಷೆ ಮಾಡುತ್ತಾರೆ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ 50ಕ್ಕಿಂತ ಕಡಿಮೆ ಇದ್ದರೆ ಬಹಳ ಒಳ್ಳೆಯದು. 1,000ಕ್ಕಿಂತ ಜಾಸ್ತಿ ಬಂದರೂ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ. ಮಾತ್ರೆ ಎಲ್ಲಿ ತಪ್ಪುತ್ತಿದೆ ಅಂತ ನೋಡಿ, ಸರಿಮಾಡಿ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿದರೆ ಹೆಚ್ಚಿನವರಲ್ಲಿ ಅದೇ ಮಾತ್ರೆಗೆ ಇಳಿದಿರುತ್ತದೆ. ಹೊಟ್ಟೆ ಉರಿಗೆ ಆಂಟಾಸಿಡ್ ತಗೊಳ್ಳುವ ಅಭ್ಯಾಸ ಇದ್ದರೆ ಡಾಕ್ಟರ್‌ಗೆ ಹೇಳಲಿ. ಅದು ಡೊಲುಟೆಗ್ರಾವಿರ್ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಎಚ್‌ಐವಿ ಮಾತ್ರೆಯನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಆದ ಮೇಲೆ ತಗೊಳ್ಳಬೇಕು. ಎಷ್ಟೋ ಸಲ ವೈರಲ್ ಲೋಡ್ ಏರಿದ್ದಕ್ಕೆ ಇಂಥ ಚಿಕ್ಕ ಕಾರಣ ಇರುತ್ತದೆ.

ಅತ್ತಿಗೆ ಬಗ್ಗೆಯೂ ಕೇಳಿದ್ದೀರಿ. ಅವರ ಪರೀಕ್ಷೆ ಈಗಲೇ ಆಗಲಿ. ಅವರಿಗೆ ಸೋಂಕು ಇಲ್ಲ ಅಂತಾದರೆ, ಅಣ್ಣನ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತ ಮೇಲೆ ಲೈಂಗಿಕ ಸಂಪರ್ಕದಿಂದ ಅವರಿಗೆ ಹರಡುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. 2019ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನದಲ್ಲಿ, ಚಿಕಿತ್ಸೆಯಲ್ಲಿದ್ದ ಪುರುಷರು ಮತ್ತು ಸೋಂಕಿಲ್ಲದ ಅವರ ಪುರುಷ ಸಂಗಾತಿಗಳ ನಡುವೆ ಕಾಂಡೋಮ್ ಇಲ್ಲದೆ ಸುಮಾರು 76,000 ಸಲ ಸಂಪರ್ಕ ಆಗಿತ್ತು. ಸಂಗಾತಿಯಿಂದ ಹರಡಿದ್ದು ಸೊನ್ನೆ. ಗಂಡು ಹೆಣ್ಣಿನ ಜೋಡಿಗಳೂ ಇದ್ದ ಅದರ ಮೊದಲ ಹಂತದಲ್ಲೂ ಸೊನ್ನೆಯೇ. ಅಣ್ಣನ ವೈರಸ್ ಆ ಮಟ್ಟಕ್ಕೆ ಇಳಿದು ನಿಲ್ಲುವವರೆಗೆ ಕಾಂಡೋಮ್ ಬಳಸಲಿ.

ನೀವು ಮಾಡಬೇಕಾದ್ದು ಏನು? ದಿನಾ "ಮಾತ್ರೆ ತಗೊಂಡೆಯಾ" ಅಂತ ಪೊಲೀಸರ ಹಾಗೆ ಕೇಳಬೇಡಿ, ಅವರಿಗೆ ಸಾಕಾಗಿಬಿಡುತ್ತದೆ. ಮೊದಲ ಮೂರು ಸಲ ಜೊತೆಗೆ ಹೋಗಿ. ಹೊರಗಡೆ ಬೆಂಚಿನ ಮೇಲೆ ಕೂತರೂ ಸಾಕು. ವೈರಸ್ ಹತೋಟಿಗೆ ಬಂದ ಮೇಲೆ ಬಹಳ ಕಡೆ ಮೂರು ಅಥವಾ ಆರು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರೆ. ಕೊಡದಿದ್ದರೆ ನೀವೇ ಕೇಳಿ. ಓಡಾಟ ಕಡಿಮೆಯಾದಷ್ಟೂ ಕೈತಪ್ಪುವುದು ಕಡಿಮೆ. ಮುಂದಿನ ತಾರೀಕನ್ನು ಅವರ ಕಾರ್ಡಿನಲ್ಲಿ ಬರೆದಿರುತ್ತಾರೆ. ಇವತ್ತೇ ನಿಮ್ಮ ಫೋನಿನಲ್ಲೂ ಹಾಕಿಟ್ಟುಕೊಳ್ಳಿ, ಬೇರೆ ಯಾವುದಾದರೂ ಹೆಸರಲ್ಲಿ.