ಸಾಲ ಇಲ್ಲಿ, ಸಂಬಳ ಅಲ್ಲಿ

ಪ್ರಶ್ನೆ: ಮಗ ಇಲ್ಲಿನ ಬ್ಯಾಂಕಿನಲ್ಲಿ 20 ಲಕ್ಷ ಶಿಕ್ಷಣ ಸಾಲ ಮಾಡಿ ಜರ್ಮನಿಯಲ್ಲಿ ಓದಿದ. ಈಗ ಅಲ್ಲೇ ಕೆಲಸ. ಸಹ-ಸಾಲಗಾರ ನಾನು. ‘ನಿಮ್ಮ ಖಾತೆಗೆ ಹಣ ಹಾಕ್ತೀನಿ, ನೀವೇ ಕಂತು ಕಟ್ಟಿ’ ಅನ್ನುತ್ತಾನೆ. ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ತಪ್ಪೇನಲ್ಲ, ಆದರೆ ಅವರೇ ಕಟ್ಟುವುದು ಮೇಲು. ಕೆಲಸಕ್ಕೆಂದು ಹೊರದೇಶ ಸೇರಿದವರು ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೇ ಬಳಸುವಂತಿಲ್ಲ. ಅದನ್ನು ಎನ್‌ಆರ್‌ಒ (ಅನಿವಾಸಿಗಳ ಇಲ್ಲಿನ ಆದಾಯಕ್ಕಿರುವ) ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಜೊತೆಗೊಂದು ಎನ್‌ಆರ್‌ಇ (ಹೊರದೇಶದ ಗಳಿಕೆ ತಂದಿಡುವ) ಖಾತೆ ತೆರೆಯಲಿ, ಸಾಲ ಕೊಟ್ಟ ಬ್ಯಾಂಕಿನಲ್ಲೇ ಆದರೆ ಇನ್ನೂ ಒಳ್ಳೆಯದು. ಸಂಬಳದ ಹಣ ಅಲ್ಲಿಗೆ ಬಂದು, ಅಲ್ಲಿಂದ ಸಾಲದ ಖಾತೆಗೆ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟರೆ ಮುಗಿಯಿತು. ಬೇರೆ ಬ್ಯಾಂಕಾದರೆ ನ್ಯಾಚ್ ಮ್ಯಾಂಡೇಟ್ (ಕಂತು ತಾನಾಗಿ ಕಡಿತವಾಗಲು ಕೊಡುವ ಲಿಖಿತ ಒಪ್ಪಿಗೆ) ಬೇಕು. ಸಹಿ ತಾಳೆಯಾಗದೆ ಅದು ವಾಪಸಾದರೆ ಹೊಸ ಅರ್ಜಿ, ಹೊಸ ಓಡಾಟ.

ಕಂತಿನ ತಾರೀಖು 5 ಅಂತಿಟ್ಟುಕೊಳ್ಳಿ. 3ಕ್ಕೆ ಕಳಿಸಿದ ಯೂರೋ, ನಡುವೆ ಶನಿವಾರ, ಭಾನುವಾರ ಬಂದರೆ 7ಕ್ಕೆ ತಲುಪೀತು. ಆದ್ದರಿಂದ ಖಾತೆಯಲ್ಲಿ ಸದಾ ಒಂದು ಕಂತಿನಷ್ಟು ಹೆಚ್ಚುವರಿ ಹಣ ಇರಲಿ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಅದರ ಬಿಸಿ ಜರ್ಮನಿಯಲ್ಲಿರುವವರಿಗಿಂತ ಮೊದಲು ತಟ್ಟುವುದು ಇಲ್ಲಿರುವ ನಿಮಗೆ: ಸಿಬಿಲ್ ಅಂಕ ನಿಮ್ಮದೂ ಇಳಿಯುತ್ತದೆ.

ಹಣ ಕಳಿಸುವಾಗ ‘ಶುಲ್ಕವೇ ಇಲ್ಲ’ ಎಂಬ ಜಾಹೀರಾತಿಗೆ ಮರುಳಾಗದಿರಲಿ. ವಿನಿಮಯ ದರದಲ್ಲಿ ಯೂರೋಗೆ ಒಂದೂವರೆ ರೂಪಾಯಿ ಕಡಿಮೆ ಕೊಟ್ಟರೂ ತಿಂಗಳ 400 ಯೂರೋಗೆ 600 ರೂಪಾಯಿ ಹೋಯಿತು, ವರ್ಷಕ್ಕೆ 7,200. ಎಲ್ಲ ಕಳೆದು ಇಲ್ಲಿ ಕೈಗೆ ಬರುವುದೆಷ್ಟು ಅನ್ನುವುದೊಂದನ್ನೇ ಹೋಲಿಸಬೇಕು.

ತೆರಿಗೆಯ ಮಾತು. ಶಿಕ್ಷಣ ಸಾಲಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ, 80ಇ ಎಂದೇ ಎಲ್ಲರಿಗೂ ಗೊತ್ತಿರುವ ರಿಯಾಯಿತಿ ಬಡ್ಡಿಗೆ ಮಾತ್ರ, ಅಸಲಿಗಲ್ಲ. ಗರಿಷ್ಠ 8 ವರ್ಷ, ಅದೂ ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ. ರಿಯಾಯಿತಿ ಕೇಳುವವರು ಬಡ್ಡಿಯನ್ನು ತಮ್ಮ ತೆರಿಗೆಗೊಳಪಟ್ಟ ಆದಾಯದಿಂದ ಕಟ್ಟಿರಬೇಕೆಂಬುದು ಷರತ್ತು. ಮಗ ಕಳಿಸಿದ ಹಣದಲ್ಲಿ ಕಂತು ಕಟ್ಟಿ ನೀವು ರಿಯಾಯಿತಿ ಕೇಳಿದರೆ ತಕರಾರು ಬರುವುದು ಇಲ್ಲೇ.

ಪ್ರಶ್ನೆ: ಓದುವಾಗ ಕಂತು ಕಟ್ಟಬೇಕಿಲ್ಲ ಅಂದಿದ್ದರು. ಈಗ 20 ಲಕ್ಷದ ಸಾಲ 26.3 ಲಕ್ಷ ತೋರಿಸುತ್ತಿದೆ! ಕೈಯಲ್ಲಿ 2 ಲಕ್ಷ ಇದೆ, ಕಟ್ಟಿಬಿಡಲೇ?
– ಓದುಗರು, ಡಬ್ಲಿನ್

ಉತ್ತರ: ಕಂತಿಗಷ್ಟೇ ರಜೆ, ಬಡ್ಡಿಗಲ್ಲ. ಶೇ 10.5ರ ದರದಲ್ಲಿ ವರ್ಷಕ್ಕೆ 2.1 ಲಕ್ಷದಂತೆ ಮೂರು ವರ್ಷದ ಸರಳ ಬಡ್ಡಿ 6.3 ಲಕ್ಷ, ಪೂರ್ತಿ ಹಣ ಮೊದಲೇ ಬಿಡುಗಡೆಯಾಗಿದ್ದರೆ ಲೆಕ್ಕ ಸರಿಯಾಗೇ ಇದೆ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದಿದ್ದರೆ 10 ವರ್ಷದ ಅವಧಿಗೆ ಕಂತು ಸುಮಾರು 27,000 ಆಗುತ್ತಿತ್ತು. ಈಗ 35,500.

2 ಲಕ್ಷ ಖಂಡಿತ ಕಟ್ಟಿ. ನಿಮ್ಮದು ಬದಲಾಗುವ ಬಡ್ಡಿದರದ ಸಾಲವಾದರೆ ಮುಂಗಡ ಪಾವತಿಗೆ ದಂಡವಿಲ್ಲ. ಕಟ್ಟಿದ ದಿನವೇ ‘ಕಂತು ಹಾಗೇ ಇರಲಿ, ಅವಧಿ ಇಳಿಸಿ’ ಎಂದು ಶಾಖೆಗೆ ಇಮೇಲ್ ಮಾಡಿ. ಹೇಳದಿದ್ದರೆ ಅದನ್ನು ಮುಂದಿನ ಕಂತುಗಳಿಗೆ ಮುಂಗಡವೆಂದು ಇಟ್ಟುಕೊಳ್ಳುವುದೂ ಉಂಟು, ಆಗ ನಿಮಗೆ ಲಾಭ ಕಡಿಮೆ. ಮೊದಲಲ್ಲೇ 2 ಲಕ್ಷ ಅಸಲಿಗೆ ಹೋದರೆ 120 ಕಂತು 105ಕ್ಕೆ ಇಳಿದು, 3 ಲಕ್ಷಕ್ಕೂ ಮಿಕ್ಕಿ ಬಡ್ಡಿ ಉಳಿಯುತ್ತದೆ.

ಪ್ರಶ್ನೆ: ಮಗಳ ಸಾಲ ತೀರಿತು. ಅಡವಿಟ್ಟ ಮನೆ ಪತ್ರ ಪಡೆಯಲು ಅವಳೇ ಬರಬೇಕೇ?
– ಓದುಗರು, ಹಾಸನ

ಉತ್ತರ: ಮನೆ ನಿಮ್ಮ ಹೆಸರಲ್ಲಿದ್ದರೆ ಸಾಮಾನ್ಯವಾಗಿ ಬೇಕಿಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ಕೊಡಬೇಕು. ತಡ ಬ್ಯಾಂಕಿನಿಂದಲೇ ಆಗಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಋಣ ಮುಕ್ತಾಯ ಪತ್ರವನ್ನೂ ಕೇಳಿ ಪಡೆಯಿರಿ. ಅಡಮಾನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ, ಬಿಡುಗಡೆ ಪತ್ರವೂ ಅಲ್ಲೇ ನೋಂದಣಿಯಾಗಬೇಕು. ಇಲ್ಲದಿದ್ದರೆ ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರದಲ್ಲಿ) ಸಾಲ ಹಾಗೇ ಕಾಣುತ್ತಿರುತ್ತದೆ.