ಒಂದು ಪದರಕ್ಕೂ ಮೂರು ಪದರಕ್ಕೂ ಎಸ್‌ಎಫ್‌ಜಿ ಸಿಗ್ನಲ್ ಒಂದೇ: ಉಪಕರಣ ಕೆಟ್ಟಿದೆಯೇ?

ಒಂದು ಪದರ ಎಳೆದರೂ ಮೂರು ಎಳೆದರೂ ಎಸ್‌ಎಫ್‌ಜಿ (ಸಮ್ ಫ್ರೀಕ್ವೆನ್ಸಿ ಜನರೇಶನ್: ಒಂದು ದೃಶ್ಯ, ಒಂದು ಅವಗೆಂಪು ಲೇಸರ್ ಕಿರಣ ಸೇರಿಸಿ ಮೇಲ್ಮೈಯ ಅಣುಗಳ ಕಂಪನ ಓದುವ ವಿಧಾನ) ಸಿಗ್ನಲ್ ಒಂದೇ ಬರುತ್ತದೆ ಎಂದು ಕೇಳಿದ್ದೀರಿ. ಉಪಕರಣ ಕೆಟ್ಟಿಲ್ಲ. ಸ್ಟಿಯರಿಕ್ ಆಮ್ಲದ (ಉದ್ದ ಸರಪಳಿಯ ಕೊಬ್ಬಿನಾಮ್ಲ) ಲ್ಯಾಂಗ್‌ಮ್ಯೂರ್–ಬ್ಲಾಜೆಟ್ ಪದರಗಳನ್ನು (ನೀರಿನ ಮೇಲೆ ಹರಡಿದ, ಒಂದೇ ಅಣು ದಪ್ಪದವು) ಕಾಸರಗೋಡಿನಲ್ಲಿ ಗಾಜಿನ ಮೇಲೆ ಎಳೆದು, ಅಳೆಯಲು ಬೇರೆ ಊರಿಗೆ ಒಯ್ದಿದ್ದೀರಿ. ಸರಪಳಿಯ ತುದಿಯ ಮಿಥೈಲ್ (ಸಿಎಚ್‌3) ಗುಂಪಿನ 2878ರ ಶಿಖರ (ಪ್ರತಿ ಸೆಂ.ಮೀ. ಲೆಕ್ಕದಲ್ಲಿ) ಎರಡರಲ್ಲೂ ಒಂದೇ ಎತ್ತರ, 2850ರಲ್ಲಿ ಬೇಡದ ಉಬ್ಬು. ಎರಡಕ್ಕೂ ಕಾರಣ ಬೇರೆ ಬೇರೆ.

ಸಮ್ ಫ್ರೀಕ್ವೆನ್ಸಿಯಲ್ಲಿ ಎದುರುಬದುರಾದ ಗುಂಪುಗಳ ಸಿಗ್ನಲ್ ಒಂದನ್ನೊಂದು ಅಳಿಸಿಬಿಡುತ್ತದೆ. ಗಾಜನ್ನು ನೀರಿನಿಂದ ಮೇಲೆತ್ತಿದಾಗ ಮೊದಲ ಪದರದ ಬಾಲ (ಮಿಥೈಲ್ ಇರುವ ತುದಿ) ಗಾಳಿಯ ಕಡೆಗಿರುತ್ತದೆ. ಮತ್ತೆ ಮುಳುಗಿಸಿದಾಗ ಎರಡನೆಯದು ಬಾಲಕ್ಕೆ ಬಾಲ ತಾಗಿಸಿ ಕೂರುತ್ತದೆ, ಈ ಎರಡರ ಮಿಥೈಲ್‌ಗಳು ಬಹುಪಾಲು ವಜಾ. ಉಳಿಯುವುದು ಮತ್ತೆ ಮೇಲೆತ್ತಿದಾಗ ಕೂರುವ, ಗಾಳಿಗೆ ತೆರೆದ ಮೂರನೆಯದು ಮಾತ್ರ. ಐದು ಎಳೆದರೂ ಅಷ್ಟೇ ಮಾರಾಯ್ರೆ. ಪುರಾವೆ ಬೇಕಿದ್ದರೆ ಹೊರಪದರಕ್ಕೆ ಮಾತ್ರ ಡ್ಯುಟೀರಿಯಂ (ಭಾರ ಹೈಡ್ರೋಜನ್) ಇರುವ ಸ್ಟಿಯರಿಕ್ ಆಮ್ಲ ಹಾಕಿ: 2878 ಕುಸಿದು, 2000–2250ರ ಸಿ–ಡಿ (ಇಂಗಾಲ–ಡ್ಯುಟೀರಿಯಂ) ವಲಯದಲ್ಲಿ ಶಿಖರ ಏಳುತ್ತದೆ. ದುಬಾರಿ, ಆದರೆ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

2850 ಸರಪಳಿಯ ನಡುವಿನ ಸಿಎಚ್‌2 ಗುಂಪಿನದು. ಸರಪಳಿ ನೆಟ್ಟಗಿದ್ದರೆ ಅದು ಕಾಣಲೇಬಾರದು. ಕಂಡರೆ ಎಲ್ಲೋ ಬಾಗಿದೆ, ಇಲ್ಲವೇ ಜಿಡ್ಡು. ನನ್ನ ಮೊದಲ ಸಂಶಯ ಜಿಡ್ಡಿನ ಮೇಲೆಯೇ. ನಮ್ಮ ಕಡೆ ತಲೆಗೆ, ಒಗ್ಗರಣೆಗೆ ಎಲ್ಲದಕ್ಕೂ ತೆಂಗಿನೆಣ್ಣೆ, ಅದರಲ್ಲಿರುವುದೂ ಇದೇ ಜಾತಿಯ ಕೊಬ್ಬಿನಾಮ್ಲದ ಸರಪಳಿ. ಪದರವಿಲ್ಲದ ಗಾಜೊಂದನ್ನು ಹಾಗೆಯೇ ತೊಳೆದು, ಅದೇ ಡಬ್ಬಿಯಲ್ಲಿ ಒಯ್ದು ಅಳೆಯಿರಿ. ಅದರಲ್ಲೂ 2850 ಬಂದರೆ ಪದರವನ್ನು ದೂರಬೇಡಿ. ಪದರ ಎಳೆದ ಗಾಜನ್ನು ಮಾತ್ರ ಎಥನಾಲ್‌ನಲ್ಲಿ ತೊಳೆಯಬಾರದು, ಪದರವೇ ಕರಗಿ ಹೋಗುತ್ತದೆ.

ಖಾಲಿ ಗಾಜು ಶುದ್ಧವಿದ್ದರೆ ಪದರ ಎಳೆಯುವ ನೀರಿನ ತೊಟ್ಟಿಯತ್ತ ನೋಡಿ. ಕ್ಲೋರೋಫಾರ್ಮ್‌ನಲ್ಲಿ ಮಿ.ಲೀ.ಗೆ 1 ಮಿ.ಗ್ರಾಂ ಆಮ್ಲದ ದ್ರಾವಣ ಹನಿಸಿದ ಮೇಲೆ, ಕ್ಲೋರೋಫಾರ್ಮ್ ಆರಲು 15 ನಿಮಿಷ ಬಿಡಿ. ಪದರದ ಮೇಲ್ಮೈ ಒತ್ತಡ ಮೀಟರಿಗೆ 30 ಮಿಲಿನ್ಯೂಟನ್, ಎಳೆಯುವ ವೇಗ ನಿಮಿಷಕ್ಕೆ 3 ಮಿ.ಮೀ., ವರ್ಗಾವಣೆ ಅನುಪಾತ (ನೀರಿನ ಮೇಲೆ ಕಡಿಮೆಯಾದ ಪದರದ ವಿಸ್ತೀರ್ಣಕ್ಕೂ ಪದರ ಕೂತ ಗಾಜಿನ ವಿಸ್ತೀರ್ಣಕ್ಕೂ ಇರುವ ಅನುಪಾತ) 1ರ ಹತ್ತಿರ. ಬರಿಯ ಆಮ್ಲದ ಪದರ ಮರುಮುಳುಗಿಸುವಾಗ ಕಳಚಿಕೊಳ್ಳುವುದುಂಟು, ನೀರಿನಲ್ಲಿ 0.25 ಮಿಲಿಮೋಲಾರ್ ಕ್ಯಾಡ್ಮಿಯಂ ಕ್ಲೋರೈಡ್ ಇದ್ದರೆ ಗಟ್ಟಿ ನಿಲ್ಲುತ್ತದೆ. ಅದು ವಿಷ, ಸಿಂಕಿಗೆ ಸುರಿಯಬೇಡಿ.

ಕೊನೆಗೆ ಲೇಸರ್. ದೃಶ್ಯ ಕಿರಣದ ಶಕ್ತಿಯನ್ನು ಅರ್ಧಕ್ಕಿಳಿಸಿದರೆ ಎರಡೂ ಶಿಖರ ಅರ್ಧವಾಗಬೇಕು. 2850 ಮತ್ತು 2878ರ ಶಿಖರಗಳ ಅನುಪಾತ ಬದಲಾದರೆ ಪದರ ಬಿಸಿಗೆ ಹಾಳಾಗುತ್ತಿದೆ. ಕಿರಣದ ಚುಕ್ಕೆಯನ್ನು ಅಗಲಿಸಿ, ಮಾದರಿಯಲ್ಲಿ ಹೊಸ ಜಾಗಕ್ಕೆ ಸರಿಸಿ.